ಅಜ್ಜನ ಹೊಲದ ಅಡಿಯ ಹಕ್ಕು: ಅಮೆರಿಕದ ಭೂದಾಖಲೆಗಳಲ್ಲಿ ವಾರಸುದಾರರ ಹುಡುಕಾಟ

1921ರಲ್ಲಿ ಅಮೆರಿಕದ ಓಕ್ಲಹೋಮಾ ರಾಜ್ಯದ ರೈತನೊಬ್ಬ ತನ್ನ 160 ಎಕರೆ ಹೊಲವನ್ನು ಮಾರಿದನೆಂದು ಇಟ್ಟುಕೊಳ್ಳೋಣ. ಕ್ರಯಪತ್ರದ ತುಂಬ ಹೊಲದ ವಿವರ, ಹಣ ಸಂದಾಯದ ಮಾತು, ರುಜು. ಕೊನೆಯಲ್ಲಿ ಒಂದೂವರೆ ಸಾಲು: ‘ಈ ಜಮೀನಿನ ಅಡಿಯಲ್ಲಿರುವ ಎಣ್ಣೆ, ಅನಿಲ ಮತ್ತು ಇತರ ಖನಿಜಗಳಲ್ಲಿ ಅವಿಭಜಿತ ಅರ್ಧ ಹಿಸ್ಸೆಯನ್ನು ಮಾರುವವನು ತನಗೂ ತನ್ನ ವಾರಸುದಾರರಿಗೂ ಉಳಿಸಿಕೊಂಡಿದ್ದಾನೆ.’ ರೈತ ಊರು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದ, ಅಲ್ಲೇ ತೀರಿಕೊಂಡ. ಹೊಲ ಮಾರಿದ ಸಂಗತಿ ಮಕ್ಕಳಿಗೆ ಗೊತ್ತಿತ್ತು, ಆ ಒಂದೂವರೆ ಸಾಲಿನ ಸಂಗತಿ ಗೊತ್ತಿರಲಿಲ್ಲ. ನೂರು ವರ್ಷ ಕಳೆದ ಮೇಲೆ, ಆ ಹೊಲವನ್ನು ಕಣ್ಣಿನಿಂದಲೂ ನೋಡದ ಮರಿಮಗಳೊಬ್ಬಳ ಮನೆಗೆ ಎಣ್ಣೆ ಬಾವಿ ಕೊರೆಯುವ ಕಂಪನಿಯಿಂದ ಒಂದು ಲಕೋಟೆ ಬರುತ್ತದೆ. ಅದರೊಳಗೆ ಗುತ್ತಿಗೆಯ ಕರಡು, ಜೊತೆಗೆ ‘ನೀವು ಇಂಥವರ ವಾರಸುದಾರರೇ’ ಎಂಬ ಪ್ರಶ್ನೆ. ಉದಾಹರಣೆ ಕಲ್ಪಿತ, ಆದರೆ ಇದರ ಒಂದೊಂದು ಕೊಂಡಿಯೂ ಅಮೆರಿಕದ ಎಣ್ಣೆ, ಅನಿಲ ಮತ್ತು ಕಲ್ಲಿದ್ದಲಿನ ಸೀಮೆಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವಂಥದ್ದು.

ಜಗತ್ತಿನ ಬಹುಪಾಲು ದೇಶಗಳಲ್ಲಿ ಇಂತಹ ಲಕೋಟೆ ಬರುವ ಪ್ರಸಂಗವೇ ಇಲ್ಲ, ಏಕೆಂದರೆ ಅಲ್ಲಿ ಎಣ್ಣೆ, ಅನಿಲದಂತಹ ಭೂಗರ್ಭದ ಸಂಪತ್ತು ಸರ್ಕಾರಕ್ಕೆ ಸೇರಿದ್ದು. ಅಮೆರಿಕದಲ್ಲಿ ಖಾಸಗಿ ಜಮೀನಿನ ಮಾಲೀಕನಿಗೆ ನೆಲದ ಅಡಿಯೂ ಸೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆತ ಮೇಲ್ನೆಲವನ್ನೂ ಖನಿಜವನ್ನೂ ಬೇರ್ಪಡಿಸಿ ಒಂದನ್ನು ಮಾರಿ ಇನ್ನೊಂದನ್ನು ಇಟ್ಟುಕೊಳ್ಳಬಹುದು. ಒಮ್ಮೆ ಬೇರ್ಪಟ್ಟರೆ ಅವು ಎರಡು ಪ್ರತ್ಯೇಕ ಸ್ವತ್ತುಗಳು. ಮೇಲ್ನೆಲ ಹತ್ತು ಕೈ ಬದಲಾದರೂ ಖನಿಜದ ಹಕ್ಕು ತನ್ನದೇ ದಾರಿಯಲ್ಲಿ ಮಕ್ಕಳಿಂದ ಮೊಮ್ಮಕ್ಕಳಿಗೆ ಇಳಿಯುತ್ತ ಹೋಗುತ್ತದೆ. ಅದಕ್ಕೆ ಬೇಲಿಯಿಲ್ಲ, ಬೆಳೆಯಿಲ್ಲ, ಸ್ವಾಧೀನದ ಯಾವ ಗುರುತೂ ಇಲ್ಲ. ಬಳಸದೆ ಬಿಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ ಎಂಬುದು ಅಲ್ಲಿನ ಹಳೆಯ ಸಾಮಾನ್ಯ ನಿಯಮ. ಮಾತ್ರವಲ್ಲ, ಬಹುತೇಕ ರಾಜ್ಯಗಳಲ್ಲಿ ಖನಿಜದ ಹಕ್ಕೇ ಮೇಲುಗೈ ಪಡೆದದ್ದು. ಖನಿಜ ತೆಗೆಯಲು ಬೇಕಾದಷ್ಟು ಮಟ್ಟಿಗೆ ಮೇಲ್ನೆಲವನ್ನು ಬಳಸುವ ಅಧಿಕಾರ ಆ ಹಕ್ಕಿನೊಂದಿಗೇ ಬರುತ್ತದೆ.

ಇಷ್ಟು ಗಟ್ಟಿಯಾದ ಹಕ್ಕು ಕುಟುಂಬಗಳ ಕೈತಪ್ಪುವುದಕ್ಕೆ ಕಾರಣ ದಾಖಲೆಯ ವ್ಯವಸ್ಥೆಯಲ್ಲಿದೆ. ನಮ್ಮ ಪಹಣಿಯಂತೆ ಈಗಿನ ಹಕ್ಕುದಾರರು ಯಾರು, ಎಷ್ಟು ಹಿಸ್ಸೆ ಎಂದು ಒಂದೇ ಹಾಳೆಯಲ್ಲಿ ಹೇಳುವ ದಾಖಲೆ ಅಲ್ಲಿನ ಖನಿಜಗಳಿಗೆ ಇಲ್ಲ. ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ದಾಖಲೆ ಕಚೇರಿ ಮಾಡುವುದು ಒಂದೇ ಕೆಲಸ: ಯಾರಾದರೂ ತಂದುಕೊಟ್ಟ ಪತ್ರವನ್ನು ಪುಸ್ತಕಕ್ಕೆ ಏರಿಸಿ, ಸೂಚಿಯಲ್ಲಿ ಹೆಸರು ಬರೆದಿಡುವುದು. ಆ ಪತ್ರಗಳನ್ನೆಲ್ಲ ಓದಿ, ಜೋಡಿಸಿ, ಮಾಲೀಕತ್ವವನ್ನು ತೀರ್ಮಾನಿಸುವ ಹೊಣೆ ಓದುವವರದು. ಮಾಲೀಕ ಸತ್ತ ಕ್ಷಣದಲ್ಲೇ ಹಕ್ಕು ವಾರಸುದಾರರಿಗೆ ಇಳಿಯುತ್ತದೆ ಎಂದು ಕಾನೂನು ಹೇಳುತ್ತದೆ, ಆದರೆ ಸತ್ತ ಸುದ್ದಿಯನ್ನು ಕಚೇರಿಗೆ ಯಾರೂ ಮುಟ್ಟಿಸದಿದ್ದರೆ ಪುಸ್ತಕದಲ್ಲಿ 1921ರ ರೈತನೇ ಇಂದಿಗೂ ಮಾಲೀಕ. ಕಾನೂನು ಕೊಟ್ಟ ಹಕ್ಕಿಗೂ ಪುಸ್ತಕ ತೋರಿಸುವ ಹೆಸರಿಗೂ ನಡುವೆ ಬೀಳುವ ಈ ಅಂತರವೇ ಇಡೀ ಸಮಸ್ಯೆಯ ತಿರುಳು.

ಹುಡುಕಾಟ ಶುರುವಾಗಬೇಕಾದದ್ದು ಹೆಸರಿನಿಂದಲ್ಲ, ಜಮೀನಿನ ಕಾನೂನುಬದ್ಧ ವಿವರಣೆಯಿಂದ. ಮನೆ ನಂಬರು, ರಸ್ತೆಯ ಹೆಸರು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. 1785ರ ಭೂ ಸುಗ್ರೀವಾಜ್ಞೆಯಿಂದ ಆರಂಭವಾದ ಸರ್ವೆ ಪದ್ಧತಿಯಲ್ಲಿ ದೇಶದ ಬಹುಭಾಗವನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ‘ಟೌನ್‌ಶಿಪ್’ಗಳಾಗಿ ಅಳೆದರು, ಒಂದೊಂದರಲ್ಲೂ 36 ‘ಸೆಕ್ಷನ್’, ಒಂದು ಸೆಕ್ಷನ್‌ಗೆ 640 ಎಕರೆ, ಅದರ ಕಾಲು ಭಾಗ 160 ಎಕರೆ. ‘ಸೆಕ್ಷನ್ 14ರ ವಾಯವ್ಯ ಕಾಲು, ಟೌನ್‌ಶಿಪ್ 12 ಉತ್ತರ, ರೇಂಜ್ 7 ಪಶ್ಚಿಮ’ ಎಂಬಂಥ ಒಂದು ಸಾಲು ಸಿಕ್ಕರೆ ಜಮೀನು ಸಿಕ್ಕಂತೆಯೇ. ಆ ಸಾಲು ಸಾಮಾನ್ಯವಾಗಿ ಮನೆಯ ಟ್ರಂಕಿನಲ್ಲೇ ಇರುತ್ತದೆ: ಹಳೆಯ ತೆರಿಗೆ ರಸೀದಿಯಲ್ಲಿ, ಅವಧಿ ಮುಗಿದ ಗುತ್ತಿಗೆಯಲ್ಲಿ, ಎಂದೋ ಬಂದ ರಾಜಧನದ (ತೆಗೆದ ಖನಿಜದ ಬೆಲೆಯಲ್ಲಿ ಮಾಲೀಕನಿಗೆ ಸಲ್ಲುವ ಪಾಲು) ಚೆಕ್ಕಿನ ಹರಿದ ತುಂಡಿನಲ್ಲಿ, ಅಜ್ಜಿಯ ಉಯಿಲಿನ ಲಗತ್ತಿನಲ್ಲಿ. ಟೆಕ್ಸಾಸ್‌ನಲ್ಲಿ ಈ ಚೌಕಗಳ ಪದ್ಧತಿ ಇಲ್ಲ. ಸ್ಪೇನ್ ಮತ್ತು ಮೆಕ್ಸಿಕೋ ಆಳ್ವಿಕೆಯ ಕಾಲದ ‘ವಾರಾ’ ಎಂಬ, ಮೂವತ್ಮೂರು ಅಂಗುಲ ಚಿಲ್ಲರೆಯ ಅಳತೆ ಅಲ್ಲಿನ ಹಳೆಯ ಪತ್ರಗಳಲ್ಲಿ ಇಂದಿಗೂ ಬರುತ್ತದೆ. ಮೊದಲು ಜಮೀನು ಪಡೆದವನ ಹೆಸರಿನ ಸರ್ವೆ ಮತ್ತು ಅದರ ‘ಅಬ್‌ಸ್ಟ್ರಾಕ್ಟ್’ ಸಂಖ್ಯೆ ಅಲ್ಲಿ ಬೀಗದ ಕೈ. ಪೆನ್ಸಿಲ್ವೇನಿಯಾ, ವೆಸ್ಟ್ ವರ್ಜೀನಿಯಾಗಳಂತಹ ಪೂರ್ವದ ರಾಜ್ಯಗಳಲ್ಲಿ ‘ಓಕ್ ಮರದಿಂದ ಹಳ್ಳದವರೆಗೆ, ಹಳ್ಳದಿಂದ ಇಂಥವರ ಜಮೀನಿನ ಕಲ್ಲಿನವರೆಗೆ’ ಎಂಬ ಚೆಕ್ಕುಬಂದಿಯೇ ಗತಿ, ಆ ಓಕ್ ಮರ ಬಿದ್ದು ಎಷ್ಟು ಕಾಲವಾಗಿರಲಿ.

ಮುಂದಿನ ಹೆಜ್ಜೆ ಮೂಲಪತ್ರ. ಸರ್ಕಾರದಿಂದ ಮೊದಲ ಖಾಸಗಿ ಮಾಲೀಕನಿಗೆ ಜಮೀನು ಹೋದ ಪತ್ರಕ್ಕೆ ಅಲ್ಲಿ ‘ಪೇಟೆಂಟ್’ ಎನ್ನುತ್ತಾರೆ. ಕೇಂದ್ರದ ಭೂ ನಿರ್ವಹಣಾ ಇಲಾಖೆ ಇಂತಹ 50 ಲಕ್ಷಕ್ಕೂ ಹೆಚ್ಚು ದಾಖಲೆಗಳ ಪ್ರತಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಇಲ್ಲಿ ನೋಡಬೇಕಾದದ್ದು ಆ ಪೇಟೆಂಟ್ ಯಾವ ಕಾಯಿದೆಯಡಿ ಬಂತು ಎಂಬುದನ್ನು. ಸರ್ಕಾರಿ ನೆಲದಲ್ಲಿ ನೆಲೆಸಿ ಬೇಸಾಯ ಮಾಡಿದವರಿಗೆ ಅದನ್ನು ಕೊಡುವ 1862ರ ಹೋಮ್‌ಸ್ಟೆಡ್ ಕಾಯಿದೆಯಡಿ ಆರಂಭದಲ್ಲಿ ಜಮೀನು ಪಡೆದ ರೈತನಿಗೆ ಸಾಮಾನ್ಯವಾಗಿ ಅಡಿಯ ಖನಿಜವೂ ಸಿಕ್ಕಿತು. 1909 ಮತ್ತು 1910ರ ಕಾಯಿದೆಗಳು ಕಲ್ಲಿದ್ದಲನ್ನು, 1914ರ ಕಾಯಿದೆ ಎಣ್ಣೆ, ಅನಿಲ ಮುಂತಾದ ಕೆಲವನ್ನು ಸರ್ಕಾರಕ್ಕೆ ಉಳಿಸಿಕೊಂಡವು. 1916ರ ದನ ಸಾಕಣೆಯ ಹೋಮ್‌ಸ್ಟೆಡ್ ಕಾಯಿದೆ 640 ಎಕರೆಯವರೆಗೆ ಜಮೀನು ಕೊಟ್ಟಿತು, ಆದರೆ ಎಲ್ಲ ಖನಿಜಗಳನ್ನೂ ಸರ್ಕಾರದಲ್ಲೇ ಇಟ್ಟುಕೊಂಡಿತು. ಸುಮಾರು ಏಳು ಕೋಟಿ ಎಕರೆ ಹೀಗೆ ವಿಂಗಡವಾಯಿತು. ಅಂಥ ಜಮೀನಿನಲ್ಲಿ ಬರಿಯ ಜಲ್ಲಿಕಲ್ಲು ಕೂಡ ಸರ್ಕಾರದ್ದೇ ಎಂದು 1983ರಲ್ಲಿ ವಯೋಮಿಂಗ್‌ನ ಪ್ರಕರಣವೊಂದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಟೆಕ್ಸಾಸ್‌ನದು ಮತ್ತೊಂದು ಬಗೆ: 1895ರಿಂದ 1931ರ ನಡುವೆ ‘ಖನಿಜ ವರ್ಗ’ವೆಂದು ಗುರುತಿಸಿ ರಾಜ್ಯ ಮಾರಿದ ಜಮೀನುಗಳಲ್ಲಿ ಖನಿಜ ರಾಜ್ಯದ್ದು, ಮೇಲ್ನೆಲದವರು ರಾಜ್ಯದ ಪರವಾಗಿ ಗುತ್ತಿಗೆ ಕೊಡುವ ಪ್ರತಿನಿಧಿಗಳು, ಬರುವ ಹಣದಲ್ಲಿ ಅರ್ಧ ಅವರಿಗೆ. ಮುತ್ತಜ್ಜನಿಗೇ ಬಾರದ ಹಕ್ಕು ಮರಿಮಗಳಿಗೆ ಬರಲಾರದು. ಹಾಗಾಗಿ ವರ್ಷಗಟ್ಟಲೆ ಅಲೆಯುವ ಮೊದಲು ಈ ಒಂದು ಹಾಳೆಯನ್ನು ನೋಡುವುದು ಒಳ್ಳೆಯದು.

ಪೇಟೆಂಟ್‌ನಿಂದ ಈಚೆಗೆ ಬರುವ ದಾರಿ ಕೌಂಟಿಯ ಸೂಚಿ ಪುಸ್ತಕಗಳ ಮೂಲಕ. ಬರೆದುಕೊಟ್ಟವರ ಸೂಚಿ ಒಂದು, ಬರೆಸಿಕೊಂಡವರ ಸೂಚಿ ಇನ್ನೊಂದು. ಎರಡೂ ಹೆಸರಿನ ಅಕಾರಾದಿಯಲ್ಲಿರುತ್ತವೆ. ಓಕ್ಲಹೋಮಾ, ನಾರ್ತ್ ಡಕೋಟಾದಂತಹ ಕಡೆ ಜಮೀನುವಾರು ಸೂಚಿಯೂ ಇರುವುದರಿಂದ ಕೆಲಸ ಹಗುರ. ಹೆಸರಿನ ಸೂಚಿ ಮಾತ್ರ ಇರುವಲ್ಲಿ ಮದುವೆಯಾಗಿ ಅಡ್ಡಹೆಸರು ಬದಲಾದ ಹೆಣ್ಣುಮಕ್ಕಳು ಪುಸ್ತಕದಿಂದ ಮಾಯವಾಗುತ್ತಾರೆ, ಯುರೋಪಿನಿಂದ ಬಂದ ವಲಸಿಗರ ಹೆಸರು ಮೂರು ಪತ್ರಗಳಲ್ಲಿ ಮೂರು ಬಗೆಯ ಕಾಗುಣಿತದಲ್ಲಿ ಕಾಣಿಸುತ್ತದೆ. ಕೌಂಟಿ ಒಡೆದು ಹೊಸದು ಹುಟ್ಟಿದ್ದರೆ ಹಳೆಯ ಪತ್ರಗಳು ತಾಯಿ ಕೌಂಟಿಯಲ್ಲೇ ಉಳಿದಿರಬಹುದು. ವೆಸ್ಟ್ ವರ್ಜೀನಿಯಾ 1863ರಲ್ಲಷ್ಟೇ ಬೇರೆ ರಾಜ್ಯವಾದ್ದರಿಂದ ಅಲ್ಲಿನ ಅತಿ ಹಳೆಯ ಭೂದಾನಗಳ ದಾಖಲೆಗಾಗಿ ವರ್ಜೀನಿಯಾದ ರಾಜಧಾನಿ ರಿಚ್ಮಂಡ್‌ನ ಕಡತಗಳಿಗೆ ಹೋಗಬೇಕು. ಈ ಪುಸ್ತಕಗಳನ್ನು ಹಿಂದಕ್ಕೂ ಮುಂದಕ್ಕೂ ಓದುವುದನ್ನೇ ವೃತ್ತಿಯಾಗಿ ಮಾಡಿಕೊಂಡವರಿಗೆ ಅಲ್ಲಿ ‘ಲ್ಯಾಂಡ್‌ಮ್ಯಾನ್’ ಎನ್ನುತ್ತಾರೆ. ಅವರಲ್ಲಿ ಬಹುಪಾಲು ಜನ ಕಂಪನಿಗಳಿಗಾಗಿ ಕೆಲಸ ಮಾಡುವವರು ಎಂಬುದನ್ನು ವಾರಸುದಾರರು ಮರೆಯಬಾರದು.

ಪತ್ರ ಸಿಕ್ಕಿತು ಎಂದ ಮಾತ್ರಕ್ಕೆ ಹಕ್ಕು ಸಿಕ್ಕಿತೆಂದಲ್ಲ. ಅದರಲ್ಲಿ ಬಳಸಿದ ಪದಗಳಿಗೆ ಆಯಾ ರಾಜ್ಯದ ನ್ಯಾಯಾಲಯ ಯಾವ ಅರ್ಥ ಕೊಟ್ಟಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಪೆನ್ಸಿಲ್ವೇನಿಯಾದ ಒಂದು ಪ್ರಕರಣವನ್ನು ನೋಡಬಹುದು. 1881ರ ಪತ್ರದಲ್ಲಿ ಮಾರಾಟಗಾರ ‘ಖನಿಜಗಳು ಮತ್ತು ಪೆಟ್ರೋಲಿಯಂ ಎಣ್ಣೆಗಳ ಅರ್ಧ’ವನ್ನು ಉಳಿಸಿಕೊಂಡಿದ್ದ. ಸುಮಾರು 130 ವರ್ಷಗಳ ಮೇಲೆ, ಮಾರ್ಸೆಲಸ್ ಜೇಡಿಪದರದ ಅನಿಲಕ್ಕೆ ಭಾರಿ ಬೆಲೆ ಬಂದಾಗ, ಆ ಅನಿಲವೂ ‘ಖನಿಜ’ವೇ ಎಂಬ ವಾದ ರಾಜ್ಯದ ಸುಪ್ರೀಂ ಕೋರ್ಟ್ ಮುಟ್ಟಿತು. 1882ರ ಹಳೆಯ ತೀರ್ಪನ್ನು ಎತ್ತಿಹಿಡಿದ ನ್ಯಾಯಾಲಯ, ಸಾಮಾನ್ಯ ಜನರ ಮಾತಿನಲ್ಲಿ ಖನಿಜವೆಂದರೆ ಲೋಹದಂತಹ ಪದಾರ್ಥ, ಅನಿಲವೆಂದು ಸ್ಪಷ್ಟವಾಗಿ ಹೇಳದಿದ್ದರೆ ಅನಿಲ ಸೇರುವುದಿಲ್ಲ ಎಂದು 2013ರಲ್ಲಿ ಹೇಳಿತು. ಪೂರ್ವಜನ ವಾರಸುದಾರರಿಗೆ ಅನಿಲದಲ್ಲಿ ಏನೂ ದಕ್ಕಲಿಲ್ಲ. ಅದೇ ಪದ ಟೆಕ್ಸಾಸ್‌ನ ಪತ್ರದಲ್ಲಿದ್ದಿದ್ದರೆ ಎಣ್ಣೆ, ಅನಿಲ ಎರಡೂ ಸೇರುತ್ತಿದ್ದವು.

ಕೆಂಟಕಿಯ ಗುಡ್ಡಗಾಡಿನ ಕುಟುಂಬಗಳ ಕತೆ ಇನ್ನೂ ನೋವಿನದು. 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭದಲ್ಲಿ ಕಲ್ಲಿದ್ದಲು ವ್ಯಾಪಾರಿಗಳು ಅಲ್ಲಿ ‘ಬ್ರಾಡ್ ಫಾರ್ಮ್ ಡೀಡ್’ ಎಂಬ ಅಚ್ಚು ಹಾಕಿದ ಪತ್ರಗಳಿಗೆ ರುಜು ಹಾಕಿಸಿಕೊಂಡು, ಎಕರೆಗೆ ಅತ್ಯಲ್ಪ ಹಣ ಕೊಟ್ಟು ಅಡಿಯ ಖನಿಜವನ್ನೆಲ್ಲ ಕೊಂಡರು. ರುಜು ಹಾಕಿದವರ ಕಣ್ಣ ಮುಂದೆ ಇದ್ದದ್ದು ಗುದ್ದಲಿಯಿಂದ ಅಗೆಯುವ ಸುರಂಗ ಗಣಿ. ಅವರ ಮೊಮ್ಮಕ್ಕಳ ಕಾಲಕ್ಕೆ ಬುಲ್ಡೋಜರ್ ಬಂತು. ಮೇಲಿನ ಮಣ್ಣು, ಮರ, ಹಿತ್ತಲು ಎಲ್ಲವನ್ನೂ ಸರಿಸಿ ಕಲ್ಲಿದ್ದಲು ತೆಗೆಯುವುದಕ್ಕೂ ಅದೇ ಪತ್ರ ಅವಕಾಶ ಕೊಡುತ್ತದೆ ಎಂದು ರಾಜ್ಯದ ಉನ್ನತ ನ್ಯಾಯಾಲಯ 1956ರಲ್ಲಿ ಹೇಳಿಬಿಟ್ಟಿತು. ದಶಕಗಳ ಹೋರಾಟದ ಮೇಲೆ 1988ರಲ್ಲಿ ಜನಮತದಿಂದ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿಯಾಯಿತು: ಪತ್ರದಲ್ಲಿ ಗಣಿಗಾರಿಕೆಯ ವಿಧಾನವನ್ನು ಹೇಳಿಲ್ಲದಿದ್ದರೆ, ಪತ್ರವಾದ ಕಾಲದಲ್ಲಿ ಆ ಸೀಮೆಯಲ್ಲಿ ತಿಳಿದಿದ್ದ ವಿಧಾನಗಳಷ್ಟೇ ಸಲ್ಲುತ್ತವೆ. 1993ರಲ್ಲಿ ನ್ಯಾಯಾಲಯವೂ ಒಪ್ಪಿತು. ಹಳೆಯ ಪತ್ರವನ್ನು ಬರೆದವರ ಕಾಲದ ಕಣ್ಣಿನಿಂದಲೇ ಓದಬೇಕು ಎಂಬ ನ್ಯಾಯವನ್ನು ಆ ಜನ ಹೋರಾಡಿ ಪಡೆದರು.

ಪದಗಳಷ್ಟೇ ಅಪಾಯ ಭಿನ್ನರಾಶಿಗಳಲ್ಲಿಯೂ ಇದೆ. ಒಬ್ಬನ ಬಳಿ ಖನಿಜದ ಅರ್ಧ ಮಾತ್ರ ಇದೆ, ಉಳಿದರ್ಧ ಅವನಿಗೆ ಮಾರಿದವನು ಮೊದಲೇ ಉಳಿಸಿಕೊಂಡಿದ್ದಾನೆ. ಈಗ ಇವನೂ ‘ಅರ್ಧವನ್ನು ಉಳಿಸಿಕೊಂಡಿದ್ದೇನೆ’ ಎಂದಷ್ಟೇ ಬರೆದು, ಹಕ್ಕಿಗೆ ಖಾತರಿ ಕೊಟ್ಟು ಜಮೀನು ಮಾರುತ್ತಾನೆ. ಕೊಂಡವನಿಗೆ ಪತ್ರದ ಪ್ರಕಾರ ಅರ್ಧ ಸಿಗಬೇಕು, ಮಾರಿದವನಿಗೂ ಅರ್ಧ ಉಳಿಯಬೇಕು; ಇರುವುದು ಒಂದೇ ಅರ್ಧ. ಟೆಕ್ಸಾಸ್ ಸುಪ್ರೀಂ ಕೋರ್ಟ್ 1940ರಲ್ಲಿ ಇಂತಹ ಪ್ರಕರಣದಲ್ಲಿ, ಖಾತರಿ ಕೊಟ್ಟವನೇ ನಷ್ಟ ಹೊರಬೇಕು ಎಂದು ಹೇಳಿ ಮಾರಾಟಗಾರನ ಪಾಲನ್ನು ಶೂನ್ಯಕ್ಕೆ ಇಳಿಸಿತು. ಡ್ಯೂಹಿಗ್ ನಿಯಮ ಎಂದು ಇದಕ್ಕೆ ಹೆಸರು. ‘ನಮ್ಮ ತಾತ ಅರ್ಧ ಉಳಿಸಿಕೊಂಡಿದ್ದರು, ಪತ್ರದಲ್ಲೇ ಇದೆ’ ಎಂದು ನಂಬಿಕೊಂಡ ಕುಟುಂಬಕ್ಕೆ, ಆ ಪತ್ರಕ್ಕಿಂತ ಹಿಂದಿನ ಪತ್ರವನ್ನು ಓದದೆ ಈ ಸತ್ಯ ಗೊತ್ತಾಗುವುದೇ ಇಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ಉಂಟು. 1924ರ ಟೆಕ್ಸಾಸ್ ಪತ್ರವೊಂದು ‘ಎಂಟನೆಯ ಒಂದು ಪಾಲಿನ ಅರ್ಧ’ವನ್ನು ಉಳಿಸಿಕೊಂಡಿತ್ತು. ಗುಣಿಸಿದರೆ ಹದಿನಾರನೆಯ ಒಂದು ಪಾಲು. ಆದರೆ ಆ ಕಾಲದಲ್ಲಿ ಎಂಟನೆಯ ಒಂದು ಪಾಲು ಎಂಬುದು ರಾಜಧನದ ರೂಢಿಯ ದರ. ಗುತ್ತಿಗೆ ಕೊಟ್ಟ ಮೇಲೆ ಮಾಲೀಕನಿಗೆ ಉಳಿಯುವುದು ಅಷ್ಟೇ ಎಂಬ ತಪ್ಪು ತಿಳಿವಳಿಕೆಯಿಂದ ಜನ ಇಡೀ ಖನಿಜ ಸ್ವತ್ತನ್ನೇ ‘ಎಂಟನೆಯ ಒಂದು’ ಎಂದು ಕರೆಯುತ್ತಿದ್ದರು. ಇದನ್ನು ಗಮನಿಸಿದ ಟೆಕ್ಸಾಸ್ ಸುಪ್ರೀಂ ಕೋರ್ಟ್, ಅಂತಹ ಹಳೆಯ ಪತ್ರಗಳಲ್ಲಿ ಆ ಪದಕ್ಕೆ ಇಡೀ ಸ್ವತ್ತು ಎಂದೇ ಅರ್ಥ ಎಂಬ ಪೂರ್ವಗ್ರಹಿಕೆಯಿಂದ ಹೊರಡಬೇಕು ಎಂದು 2023ರಲ್ಲಿ ಹೇಳಿತು. ವಾರಸುದಾರರ ಪಾಲು ಹದಿನಾರನೆಯ ಒಂದರಿಂದ ಅರ್ಧಕ್ಕೆ ಏರಿತು. ಹದಿನಾರನೆಯ ಒಂದು ಎಂದು ಲೆಕ್ಕ ಹಾಕಿ ಕೈಬಿಟ್ಟ ಹಳೆಯ ಪತ್ರಗಳನ್ನು ಅಲ್ಲಿನ ಕುಟುಂಬಗಳು ಈಗ ಮತ್ತೆ ತೆರೆದು ನೋಡಲೇಬೇಕಾಗಿದೆ.

ದಾರಿಯಲ್ಲಿ ಹಕ್ಕನ್ನು ಕತ್ತರಿಸಿಹಾಕುವ ಸಂಗತಿಗಳೂ ಇವೆ. ಖನಿಜ ಬೇರ್ಪಡುವ ಮೊದಲೇ ದಾಖಲಾಗಿದ್ದ ಅಡಮಾನ ಮುಂದೆ ಜಪ್ತಿಗೆ ಬಂದಿದ್ದರೆ, ನಂತರ ಬೇರ್ಪಟ್ಟ ಖನಿಜದ ಹಕ್ಕೂ ಅದರೊಂದಿಗೆ ಕೊಚ್ಚಿಹೋಗಬಹುದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಸಾಲ ತೀರಿಸಲಾಗದ ರೈತರ ಹೊಲಗಳು ಫೆಡರಲ್ ಲ್ಯಾಂಡ್ ಬ್ಯಾಂಕುಗಳ ಕೈಸೇರಿದವು. ಆ ಬ್ಯಾಂಕುಗಳು ಹೊಲವನ್ನು ಮತ್ತೆ ಮಾರುವಾಗ ಅನೇಕ ಕಡೆ ಖನಿಜದ ಒಂದು ಪಾಲನ್ನು ಇಟ್ಟುಕೊಂಡವು. ವೆಸ್ಟ್ ವರ್ಜೀನಿಯಾದಲ್ಲಿ ಬೇರ್ಪಟ್ಟ ಖನಿಜಕ್ಕೆ ಪ್ರತ್ಯೇಕ ತೆರಿಗೆಯಿದೆ, ಕಟ್ಟದಿದ್ದರೆ ಹರಾಜಾಗುತ್ತದೆ. ಹುಡುಕುವವರು ಕ್ರಯಪತ್ರಗಳನ್ನಷ್ಟೇ ನೋಡಿ ಅಡಮಾನ, ಜಪ್ತಿ, ತೆರಿಗೆ ಹರಾಜಿನ ಪುಸ್ತಕಗಳನ್ನು ಬಿಟ್ಟರೆ ಅರ್ಧ ಕೆಲಸವಷ್ಟೇ ಆದಂತೆ.

ಇಷ್ಟೆಲ್ಲ ದಾಟಿ ಬಂದರೂ ಸರಪಳಿ ಹೆಚ್ಚಾಗಿ ಮುರಿಯುವ ಜಾಗ ಒಂದೇ. ಅದು ಸಾವು. ಸ್ಥಿರಾಸ್ತಿಗೆ ಅನ್ವಯಿಸುವುದು ಅದು ಇರುವ ರಾಜ್ಯದ ಕಾನೂನು, ಸತ್ತವರು ವಾಸವಿದ್ದ ರಾಜ್ಯದ್ದಲ್ಲ. ನಮ್ಮ ಉದಾಹರಣೆಯ ರೈತನ ಉಯಿಲು ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ಕ್ರಮವಾಗಿ ಪ್ರೊಬೇಟ್ ಆಗಿರಬಹುದು, ಅಂದರೆ ನ್ಯಾಯಾಲಯ ಅದನ್ನು ಸಿಂಧುವೆಂದು ಒಪ್ಪಿರಬಹುದು, ಮನೆ, ಬ್ಯಾಂಕಿನ ಹಣ ಎಲ್ಲವೂ ಹಂಚಿಕೆಯಾಗಿರಬಹುದು. ಓಕ್ಲಹೋಮಾದಲ್ಲಿ ಪೂರಕ ಪ್ರೊಬೇಟ್ ನಡೆಸದಿದ್ದರೆ ಅಲ್ಲಿನ ಕೌಂಟಿ ಪುಸ್ತಕದಲ್ಲಿ ಅವನ ಸಾವಿನ ಸುಳಿವೂ ಇರುವುದಿಲ್ಲ. ಖನಿಜ ಇದೆ ಎಂಬುದೇ ಗೊತ್ತಿಲ್ಲದ ಮಕ್ಕಳು ಅದಕ್ಕೆ ಖರ್ಚು ಮಾಡುವುದಾದರೂ ಏಕೆ? ಹೀಗೆ ಒಂದು ತಲೆಮಾರಿನ ಕೊಂಡಿ ಬಿಟ್ಟುಹೋದರೆ ಮುಂದಿನ ತಲೆಮಾರು ಎರಡು ಕೊಂಡಿ ಕಟ್ಟಬೇಕು, ಅದರ ಮುಂದಿನದು ಮೂರು.

ಉಯಿಲು ಇಲ್ಲದೆ ತೀರಿಕೊಂಡಿದ್ದರೆ ವಂಶವೃಕ್ಷವೇ ಸಾಕ್ಷಿ. ಆಗ ಪ್ರತಿ ಮದುವೆ, ಪ್ರತಿ ವಿಚ್ಛೇದನ, ದತ್ತು, ಮೊದಲೇ ತೀರಿಕೊಂಡ ಮಗು ಎಲ್ಲದಕ್ಕೂ ಲೆಕ್ಕದಲ್ಲಿ ಜಾಗವಿದೆ. ಟೆಕ್ಸಾಸ್‌ನಲ್ಲಿ ಒಬ್ಬನಿಗೆ ಪಿತ್ರಾರ್ಜಿತವಾಗಿ ಬಂದ ಸ್ವತ್ತು ಅವನ ಸ್ವಂತದ್ದು. ಅವನು ಹೆಂಡತಿ ಮತ್ತು ಮಕ್ಕಳನ್ನು ಬಿಟ್ಟು ಉಯಿಲಿಲ್ಲದೆ ಸತ್ತರೆ ಅಂತಹ ಸ್ಥಿರಾಸ್ತಿಯ ಮೂರನೆಯ ಒಂದು ಪಾಲಿನಲ್ಲಿ ಹೆಂಡತಿಗೆ ಜೀವಿತಾವಧಿಯ ಹಕ್ಕು ಮಾತ್ರ, ಉಳಿದದ್ದೆಲ್ಲ ಮಕ್ಕಳಿಗೆ. ದಾಂಪತ್ಯದಲ್ಲಿ ಗಳಿಸಿದ್ದಕ್ಕೆ ಲೆಕ್ಕವೇ ಬೇರೆ. ಇದನ್ನು ದಾಖಲಿಸಲು ಬಳಸುವ ಸರಳ ಸಾಧನ ವಾರಸು ಪ್ರಮಾಣಪತ್ರ: ಕುಟುಂಬವನ್ನು ಬಲ್ಲ, ಆಸ್ತಿಯಲ್ಲಿ ಪಾಲಿಲ್ಲದ ಸಾಕ್ಷಿಗಳು ಯಾರು ಸತ್ತರು, ಯಾರು ಉಳಿದರು ಎಂದು ಪ್ರಮಾಣ ಮಾಡಿ ಹೇಳಿದ್ದನ್ನು ಕೌಂಟಿಯಲ್ಲಿ ನೋಂದಾಯಿಸುವುದು. ಟೆಕ್ಸಾಸ್ ಕಾನೂನಿನಲ್ಲಿ ಅದು ಐದು ವರ್ಷ ದಾಖಲೆಯಲ್ಲಿದ್ದರೆ ಮೇಲ್ನೋಟದ ಸಾಕ್ಷ್ಯದ ಬಲ ಪಡೆಯುತ್ತದೆ. ಸಾಕ್ಷಿ ಹೇಳಬಲ್ಲ ಹಿರಿಯರು ಬದುಕಿರುವಾಗಲೇ ಈ ಕೆಲಸ ಆಗಬೇಕು. ಸೋದರತ್ತೆಯೊಬ್ಬಳು ತೀರಿಕೊಂಡರೆ, ಯಾವ ಪುಸ್ತಕದಲ್ಲೂ ಇಲ್ಲದ ಎಷ್ಟೋ ಸಂಗತಿ ಅವಳೊಂದಿಗೆ ಹೋಗುತ್ತದೆ.

ಈಗ ಮರಿಮಗಳ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. 160 ಎಕರೆಯ ಅರ್ಧ ಖನಿಜವೆಂದರೆ 80 ‘ನೆಟ್ ಮಿನರಲ್ ಎಕರೆ’. ನಾಲ್ಕು ಮಕ್ಕಳಿಗೆ ಸಮವಾಗಿ ಹಂಚಿದರೆ ತಲಾ 20. ಅವರಲ್ಲೊಬ್ಬರ ಇಬ್ಬರು ಮಕ್ಕಳಿಗೆ ತಲಾ 10. ಅವರಲ್ಲೊಬ್ಬರ ಇಬ್ಬರು ಮಕ್ಕಳಿಗೆ ತಲಾ 5. ಬಾವಿಯ ಘಟಕ (ಒಂದು ಬಾವಿಗಾಗಿ ಒಟ್ಟುಗೂಡಿಸಿದ ಜಮೀನು) 640 ಎಕರೆಯದು, ಗುತ್ತಿಗೆಯ ರಾಜಧನ ಹದಿನಾರರಲ್ಲಿ ಮೂರು ಪಾಲು ಎಂದಾದರೆ, 5ನ್ನು 640ರಿಂದ ಭಾಗಿಸಿ 3/16ರಿಂದ ಗುಣಿಸಬೇಕು: 0.00146484. ಕಂಪನಿ ಹಣ ಕೊಡುವ ಮುನ್ನ ರುಜುವಿಗೆ ಕಳಿಸುವ ‘ಡಿವಿಷನ್ ಆರ್ಡರ್’ ಎಂಬ ಹಾಳೆಯಲ್ಲಿ ಈ ದಶಮಾಂಶವೇ ಇರುತ್ತದೆ. ಆ ಬಾವಿಯಿಂದ ಒಂದು ತಿಂಗಳಲ್ಲಿ 10 ಲಕ್ಷ ಡಾಲರಿನ ಎಣ್ಣೆ ಬಂದರೆ ಕಡಿತಗಳ ಮುನ್ನ ಅವಳಿಗೆ ಸಲ್ಲಬೇಕಾದದ್ದು ಸುಮಾರು 1,465 ಡಾಲರ್. ಸೊನ್ನೆಯ ಮುಂದಿನ ಸೊನ್ನೆಗಳನ್ನು ಕಂಡು ಇದು ಏನೂ ಅಲ್ಲವೆಂದು ಬದಿಗಿಡುವವರಿದ್ದಾರೆ. ಕಂಪನಿ ಬರೆದ ದಶಮಾಂಶವನ್ನು ಸ್ವತಃ ಲೆಕ್ಕ ಹಾಕದೆ ರುಜು ಮಾಡುವವರೂ ಇದ್ದಾರೆ. ಇಬ್ಬರೂ ತಮ್ಮದನ್ನು ತಾವೇ ಬಿಟ್ಟುಕೊಟ್ಟಂತೆ. ಅಂಚೆಯಲ್ಲಿ ಬಂದ ಕಾಗದ ಗುತ್ತಿಗೆಯದೋ, ಖನಿಜವನ್ನೇ ಶಾಶ್ವತವಾಗಿ ಮಾರುವ ಪತ್ರವೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಜೊತೆಗೆ ಚೆಕ್ಕಿನಂತಹದೊಂದು ಲಗತ್ತಾಗಿ ಬಂದಾಗ ಈ ಎಚ್ಚರ ತಪ್ಪುವುದು ಸುಲಭ.

ತಲೆಮಾರಿನಿಂದ ತಲೆಮಾರಿಗೆ ಹಿಸ್ಸೆ ಸಣ್ಣದಾಗುತ್ತ ಹೋಗುವ ಈ ಕ್ರಿಯೆಯ ಅತ್ಯಂತ ಕಠೋರ ರೂಪವನ್ನು ಕಂಡವರು ಮೂಲನಿವಾಸಿಗಳು. 1887ರ ಡಾಸ್ ಕಾಯಿದೆ ಬುಡಕಟ್ಟುಗಳ ಸಾಮೂಹಿಕ ನೆಲವನ್ನು ವ್ಯಕ್ತಿಗಳಿಗೆ ತುಂಡುತುಂಡಾಗಿ ಹಂಚಿತು, ಸರ್ಕಾರ ಅದರ ಟ್ರಸ್ಟಿಯಾಯಿತು. ಒಂದೊಂದು ತುಂಡಿಗೆ ನೂರಾರು ವಾರಸುದಾರರಾದರು. ಎಣ್ಣೆ, ಹುಲ್ಲುಗಾವಲು, ಮರದಿಂದ ಬಂದ ಹಣದ ಲೆಕ್ಕವನ್ನು ಸರ್ಕಾರ ಸರಿಯಾಗಿ ಇಡಲಿಲ್ಲ. ಬ್ಲ್ಯಾಕ್‌ಫೀಟ್ ಸಮುದಾಯದ ಎಲೂಯಿಸ್ ಕೋಬೆಲ್ 1996ರಲ್ಲಿ ಹೂಡಿದ ದಾವೆ 340 ಕೋಟಿ ಡಾಲರುಗಳ ಒಪ್ಪಂದದಲ್ಲಿ ಮುಗಿಯಿತು, ಅದರಲ್ಲಿ 190 ಕೋಟಿ ಡಾಲರನ್ನು ಚೂರಾದ ಹಿಸ್ಸೆಗಳನ್ನು ಕೊಂಡು ಬುಡಕಟ್ಟುಗಳಿಗೆ ಮರಳಿಸಲು ಇಡಲಾಯಿತು. ಓಕ್ಲಹೋಮಾದ ಓಸೇಜ್ ಜನ ಬೇರೆ ದಾರಿ ಹಿಡಿದಿದ್ದರು: 1906ರ ಕಾಯಿದೆಯಲ್ಲಿ ಮೇಲ್ನೆಲ ಹಂಚಿಕೆಯಾದರೂ ಖನಿಜ ಇಡೀ ಸಮುದಾಯದ ಸ್ವತ್ತಾಗಿ ಉಳಿಯಿತು, ಅದರ ಆದಾಯಕ್ಕೆ 2,229 ‘ಹೆಡ್‌ರೈಟ್’ಗಳನ್ನು ನಿಗದಿ ಮಾಡಿದರು. ಆ ಹಕ್ಕು ವಾರಸಿನಿಂದ ಹೊರಗಿನವರಿಗೂ ಹೋಗಬಹುದಿತ್ತು. 1920ರ ದಶಕದಲ್ಲಿ ಅದಕ್ಕಾಗಿಯೇ ಓಸೇಜ್ ಕುಟುಂಬಗಳಲ್ಲಿ ಕೊಲೆಗಳು ನಡೆದವು; 1925ರಲ್ಲಿ ಕಾನೂನನ್ನು ಬಿಗಿ ಮಾಡಬೇಕಾಯಿತು.

ಕೊನೆಯದಾಗಿ ಇಂದಿನ ಜಗಳ. ಹೆಸರು ಮಾತ್ರ ಪುಸ್ತಕದಲ್ಲಿದ್ದು ಮನುಷ್ಯರು ಸಿಗದ ಖನಿಜವನ್ನು ಏನು ಮಾಡಬೇಕು? ಲೂಯಿಸಿಯಾನದಲ್ಲಿ ಹತ್ತು ವರ್ಷ ಬಳಸದಿದ್ದರೆ ಅದು ಮೇಲ್ನೆಲದ ಮಾಲೀಕನಿಗೆ ಮರಳುತ್ತದೆ. ಇಂಡಿಯಾನಾದ 1971ರ ಕಾಯಿದೆ ಇಪ್ಪತ್ತು ವರ್ಷ ಸುಮ್ಮನಿದ್ದ ಹಕ್ಕನ್ನು ರದ್ದು ಮಾಡುತ್ತದೆ. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಅದನ್ನು ಎತ್ತಿಹಿಡಿಯಿತು. ಓಹಾಯೋದ ಕಾಯಿದೆಯೂ ಇಪ್ಪತ್ತು ವರ್ಷವನ್ನೇ ಹೇಳುತ್ತದೆ, ಆದರೆ 2006ರ ತಿದ್ದುಪಡಿಯಂತೆ ಮೇಲ್ನೆಲದ ಮಾಲೀಕ ಮೊದಲು ಖನಿಜದವರಿಗೆ ನೋಟಿಸ್ ಕಳಿಸಬೇಕು, ತಲುಪಿಸಲಾಗದಿದ್ದರೆ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಅಲ್ಲಿಂದ 60 ದಿನಗಳೊಳಗೆ ವಾರಸುದಾರರು ತಮ್ಮ ಹಕ್ಕನ್ನು ದಾಖಲಿಸಬೇಕು. ಎಷ್ಟು ಹುಡುಕಿದರೆ ಹುಡುಕಿದಂತೆ ಎಂಬ ಪ್ರಶ್ನೆಗೆ 2020ರಲ್ಲಿ ಓಹಾಯೋ ಸುಪ್ರೀಂ ಕೋರ್ಟ್ ಕೊಟ್ಟ ಉತ್ತರ, ಸಾಮಾನ್ಯವಾಗಿ ಕೌಂಟಿಯ ಭೂದಾಖಲೆ ಮತ್ತು ನ್ಯಾಯಾಲಯದ ದಾಖಲೆಗಳನ್ನು ನೋಡಿದರೆ ಸಾಕು, ಅಂತರ್ಜಾಲವನ್ನೆಲ್ಲ ಜಾಲಾಡಬೇಕಾಗಿಲ್ಲ ಎಂಬ ಅರ್ಥದ್ದು.

ಈ ಕಾಯಿದೆಗಳ ಹಿಂದಿನ ಕಷ್ಟ ನಿಜವಾದದ್ದು ಎಂದು ಒಪ್ಪುತ್ತೇನೆ. ನೂರು ಜನ ಸಹಮಾಲೀಕರಲ್ಲಿ ಹತ್ತು ಜನ ಸಿಗದೆ ಎಲ್ಲರ ಸ್ವತ್ತೂ ಸ್ತಬ್ಧವಾಗುವುದು ಯಾರಿಗೂ ಒಳ್ಳೆಯದಲ್ಲ. ಆದರೆ ವಾರಸುದಾರ ಹೊರಗಿನ ರಾಜ್ಯದಲ್ಲಿದ್ದಾನೆ ಎಂಬ ಕಾರಣದಿಂದಲೇ ಸರಪಳಿ ಮುರಿದಿರುವಾಗ, ಅದೇ ಕೌಂಟಿಯ ಪುಸ್ತಕವನ್ನಷ್ಟೇ ನೋಡಿ ಅವನು ಸಿಗಲಿಲ್ಲ ಎನ್ನುವುದು ಹುಡುಕಾಟವಲ್ಲ. ದುಡ್ಡಿನ ಆಸೆಗೆ ಬಿದ್ದ ಕಂಪನಿಗೆ ಗುತ್ತಿಗೆ ಬೇಕಾದಾಗ ಇದೇ ಮರಿಮಗಳು ಕೆಲವೇ ವಾರಗಳಲ್ಲಿ ಸಿಗುತ್ತಾಳೆ. ಇದಕ್ಕಿಂತ ವೆಸ್ಟ್ ವರ್ಜೀನಿಯಾ 2018ರಲ್ಲಿ ಹಿಡಿದ ದಾರಿ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಏಳು ಅಥವಾ ಹೆಚ್ಚು ಸಹಮಾಲೀಕರಿರುವ ಕಡೆ ನಾಲ್ಕರಲ್ಲಿ ಮೂರು ಪಾಲಿನಷ್ಟು ಹಕ್ಕುದಾರರು ಒಪ್ಪಿದರೆ ಎಣ್ಣೆ, ಅನಿಲ ತೆಗೆಯಬಹುದು. ಸಿಗದವರ ಪಾಲಿನ ಹಣ ರಾಜ್ಯದ ಖಜಾನೆಯಲ್ಲಿ ಅವರ ಹೆಸರಿನಲ್ಲಿ ಕಾಯುತ್ತದೆ. ಅಲ್ಲಿಯೂ ಕಾಲಮಿತಿಯ ನಂತರ ಮೇಲ್ನೆಲದವರು ಅದನ್ನು ಕೇಳಬಹುದಾದರೂ ಮೊದಲ ದಿನವೇ ಹಕ್ಕು ಅಳಿಯುವುದಿಲ್ಲ. ಓಕ್ಲಹೋಮಾದಲ್ಲೂ ಕಡ್ಡಾಯವಾಗಿ ಒಂದುಗೂಡಿಸಿದ ಘಟಕಗಳಲ್ಲಿ ಸಿಗದ ಮಾಲೀಕರ ಹಣವನ್ನು ಕಾದಿಡಲು, ಎಣ್ಣೆ, ಅನಿಲವನ್ನು ನಿಯಂತ್ರಿಸುವ ರಾಜ್ಯದ ನಿಗಮ ಆಯೋಗದ ಬಳಿ ಪ್ರತ್ಯೇಕ ಖಾತೆಯಿದೆ. ಉಳಿದ ರಾಜ್ಯಗಳಲ್ಲಿಯೂ ವಾರಸುದಾರರಿಲ್ಲದ ಹಣದ ಪಟ್ಟಿಗಳನ್ನು ಖಜಾನೆಗಳು ಪ್ರಕಟಿಸುತ್ತವೆ. ಅಲ್ಲಿ ಹುಡುಕಬೇಕಾದದ್ದು ತಮ್ಮ ಹೆಸರನ್ನಲ್ಲ, ಸತ್ತ ಅಜ್ಜ ಅಜ್ಜಿಯರ ಹೆಸರನ್ನು.

ಈ ಹುಡುಕಾಟಕ್ಕೆ ಈಗ ಎಣ್ಣೆಯ ಜೊತೆ ಲಿಥಿಯಂ ಸೇರಿಕೊಂಡಿದೆ. ದಕ್ಷಿಣ ಅರ್ಕನ್ಸಾದ ಸ್ಮ್ಯಾಕೋವರ್ ಪದರದ ಉಪ್ಪುನೀರಿನಲ್ಲಿ 50 ಲಕ್ಷದಿಂದ 1.9 ಕೋಟಿ ಟನ್‌ಗಳವರೆಗೆ ಲಿಥಿಯಂ ಇರಬಹುದೆಂದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಅಂದಾಜಿಸಿತು. 2025ರಲ್ಲಿ ರಾಜ್ಯದ ಎಣ್ಣೆ ಮತ್ತು ಅನಿಲ ಆಯೋಗ ಮೊದಲ ಯೋಜನೆಗೆ ಶೇ 2.5ರ ರಾಜಧನವನ್ನು ಒಪ್ಪಿತು. ಅದೇ ವರ್ಷದ ಜೂನ್‌ನಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್, ಎಣ್ಣೆಯೊಂದಿಗೆ ಮೇಲೆ ಬರುವ ಕೊಳಕು ನೀರು ಮೇಲ್ನೆಲದವರದ್ದಲ್ಲ, ಎಣ್ಣೆಯ ಗುತ್ತಿಗೆದಾರರದ್ದು ಎಂದು ತೀರ್ಮಾನಿಸಿತು. 1920ರ ದಶಕದಲ್ಲಿ ‘ಎಣ್ಣೆ, ಅನಿಲ ಮತ್ತು ಇತರ ಖನಿಜಗಳು’ ಎಂದು ಬರೆದವರ ಮನಸ್ಸಿನಲ್ಲಿ ಉಪ್ಪುನೀರಿನೊಳಗೆ ಕರಗಿದ ಲೋಹ ಇತ್ತೇ ಎಂಬ ವಾದ ಇನ್ನು ಕೌಂಟಿ ಕೌಂಟಿಗಳಲ್ಲಿ ನಡೆಯಲಿದೆ. ಆ ವಾದದಲ್ಲಿ ನಿಲ್ಲಬೇಕಾದ ಮರಿಮಗಳ ಕೈಯಲ್ಲಿ ಆಗ ಇರಬೇಕಾದದ್ದು ಇಷ್ಟು: 1921ರ ಪತ್ರದ ದೃಢೀಕೃತ ಪ್ರತಿ, ಅದಕ್ಕಿಂತ ಹಿಂದಿನ ಪತ್ರ ಮತ್ತು ಪೇಟೆಂಟ್, ನಡುವಿನ ಪ್ರತಿ ಸಾವಿಗೂ ಜಮೀನು ಇರುವ ಕೌಂಟಿಯಲ್ಲೇ ನೋಂದಾಯಿಸಿದ ಪ್ರೊಬೇಟ್ ಅಥವಾ ವಾರಸು ಪ್ರಮಾಣಪತ್ರ, ಮತ್ತು ಅವಳ ಈಗಿನ ವಿಳಾಸವಿರುವ, ಅವಳದೇ ಹೆಸರಿನ ಒಂದು ದಾಖಲೆ.